ಸಾವ್ಕಾರನಿಗೆ ತಂದ ಟೊಂಗೆಗಳು

ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಒಂದು ಕಟ್ಟು ಟೊಂಗೆ ಹಿಡಿದು ನಿಂತ ಮನುಷ್ಯನನ್ನು ಜನ ಹೇಗೆ ನೋಡುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಒಲೆಗೆ ಅನ್ನೋಣವೆಂದರೆ ಹಸಿಯವು, ದೇವರಿಗೆ ಅನ್ನೋಣವೆಂದರೆ ಪತ್ರೆಯಲ್ಲ, ಆಡಿಗೆ ಅನ್ನೋಣವೆಂದರೆ ಎಲೆಯೇ ಕಡಿಮೆ. ಕೊಟ್ಟೂರಿನ ಬಸ್ಸು ಬಂದು ನಿಂತಾಗ ಕಂಡಕ್ಟರು ಕಟ್ಟನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಏನ್ ಯಜಮಾನ್ರ, ಈ ವಯಸ್ಸಿನಾಗ ಕೋಲಾಟ ಕಲಿಯಾಕ ಹೊಂಟೀರೇನು?" ಅಂದ.

"ಗೋಸುಂಬಿಗೆ ಒಯ್ಯಾಕತ್ತೀನಪಾ."

"ಯಾ ಪಕ್ಷದ್ದು?"

ಬಸ್ಸಿನ ಮುಂದಿನ ಅರ್ಧ ನಕ್ಕಿತು. ಹಿಂದಿನ ಅರ್ಧಕ್ಕೆ ಕೇಳಿಸಿರಲಿಲ್ಲ, ಅವರಿಗೆ ಮುಂದಿನವರು ತಿಳಿಸಿ ಹೇಳಿದರು.

"ಪಕ್ಷ ಗಿಕ್ಷ ಇಲ್ಲ, ಖರೇನ ಗೋಸುಂಬಿ. ಹಡಗಲಿಯಾಗ ನಮ್ಮಕ್ಕನ ಮನ್ಯಾಗ ಐತಿ," ಅಂದೆ.

"ಹಂಗಾದ್ರ ಲಗೇಜ್ ಹಚ್ಚಾಂಗಿಲ್ಲ ಬಿಡ್ರಿ. ನಾಳಿ ಅದು ಮಂತ್ರಿ ಆತಂದ್ರ ನನಗ ತ್ರಾಸು."

ಹೀಗೆ ನಗಿಸಿಕೊಂಡೇ ನಾನು ಕೊಟ್ಟೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೂವಿನಹಡಗಲಿ ಮುಟ್ಟುತ್ತಿದ್ದೆ. ಈಗಲೂ ಅದೇ ದಾರಿ, ಅದೇ ಬಸ್ಸು. ಕೈಯಲ್ಲಿ ಟೊಂಗೆಯ ಕಟ್ಟು ಇಲ್ಲ. ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವಳು. ಕೂಡ್ಲಿಗಿಯ ನಮ್ಮ ಮನೆಯಿಂದ ಹಡಗಲಿಯ ಮಲ್ಲಿಗೆ ತೋಟದ ಮನೆಗೆ ಸೊಸೆಯಾಗಿ ಹೋದಳು. ಹೋದ ವರ್ಷವೇ ಅತ್ತೆಯಿಂದ ಹೂ ಕಟ್ಟುವುದನ್ನು ಕಲಿತು, ಮರುವರ್ಷಕ್ಕೆ ಅತ್ತೆಯನ್ನೇ ಹಿಂದೆ ಹಾಕಿದಳಂತೆ. ನೆನೆಸಿದ ಬಾಳೆನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಸುತ್ತಿಕೊಂಡು, ಎಡಗೈಯಲ್ಲಿ ಮೊಗ್ಗು ಜೋಡಿಸಿ, ಬಲಗೈಯಿಂದ ಕುಣಿಕೆ ಹಾಕಿ ಎಳೆದಳೆಂದರೆ ಮುಗಿಯಿತು. ಮಾರನೆಯ ದಿನ ಹೂ ಬಾಡಿದರೂ ಗಂಟು ಸಡಿಲುತ್ತಿರಲಿಲ್ಲ. ಕಟ್ಟುತ್ತ ಕಟ್ಟುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳುವಳು, ಕಣ್ಣು ಕೈಯ ಕಡೆ ಹೋಗುತ್ತಲೇ ಇರಲಿಲ್ಲ. ಭಾವ ತೀರಿಕೊಂಡ ಮೇಲೆ ಮುಡಿಯುವುದನ್ನು ಬಿಟ್ಟಳು, ಕಟ್ಟುವುದನ್ನು ಬಿಡಲಿಲ್ಲ. ಯಾರೋ ಹಿರಿಯರು ಅದಕ್ಕೂ ಮುಖ ಗಂಟಿಕ್ಕಿದಾಗ, "ಮುಡ್ಕೊಳ್ಳೋದು ತಲಿ ಕೆಲಸ, ಕಟ್ಟೋದು ಕೈ ಕೆಲಸ. ತಲಿಗೆ ಬ್ಯಾಡ ಅಂದೀರಿ, ಕೈಗೆ ಯಾರೂ ಅಂದಿಲ್ಲ," ಅಂದಳಂತೆ.

ಕೆಲವು ವರ್ಷಗಳ ಹಿಂದೆ ಆ ಬಲಗೈಗೇ ಲಕ್ವ ಹೊಡೆಯಿತು. ಬಾಯಿ ಸ್ವಲ್ಪ ಸೊಟ್ಟಗಾದದ್ದು ಸರಿಹೋಯಿತು. ಕಾಲು ಎಳೆದುಕೊಂಡಾದರೂ ನಡೆದಳು. ಕೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ಬೆರಳು ಅಲ್ಲಾಡುತ್ತಿದ್ದವು, ಆದರೆ ಹಿಡಿಯುತ್ತಿರಲಿಲ್ಲ. ಲೋಟ ಕೊಟ್ಟರೆ ಲೋಟ ಜಾರಿತು, ನಾರು ಕೊಟ್ಟರೆ ನಾರು ಜಾರಿತು. ಮತ್ತೆ ಹೂ ಕಟ್ಟಬೇಕು ಅನ್ನುವುದೊಂದೇ ಅವಳ ಆಸೆ. ನಡಿಗೆಯ ಬಗ್ಗೆ ಯಾರಾದರೂ ಮರುಗಿದರೆ, "ನಡಿಯಾಕ ಬರದಿದ್ರೂ ನಡೀತೈತಿ. ನಂದು ಕುಂತು ಮಾಡೋ ಕೆಲಸ," ಅಂತಿದ್ದಳು.

ಹಗರಿಬೊಮ್ಮನಹಳ್ಳಿಯಲ್ಲಿ ಇಂಥವರಿಗೆ ವ್ಯಾಯಾಮ ಮಾಡಿಸುವ ಡಾಕ್ಟರೊಬ್ಬರಿದ್ದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದು ಹಳದಿ ಸ್ಪಂಜಿನ ಚೆಂಡು ಕೊಟ್ಟು ದಿನಾ ಹಿಚುಕಬೇಕೆಂದು ಹೇಳಿದ್ದರು. ಅಕ್ಕ ಮನೆಗೆ ಬಂದವಳೇ ಅದನ್ನು ಖಾಲಿ ಹೂವಿನ ಪುಟ್ಟಿಗೆ ಹಾಕಿ ಮೇಲೆ ಬಟ್ಟೆ ಮುಚ್ಚಿದಳು.

"ಯಾಕಬೇ, ಹಿಚುಕಾಕ ಏನು ಧಾಡಿ?" ಅಂದೆ.

"ಮೊಗ್ಗು ಹಿಚುಕಬಾರದು ಅಂತ ಇಷ್ಟು ವರ್ಷ ಈ ಕೈಗೆ ಕಲಿಸೀನಿ. ಈಗ ಹಿಚುಕು ಅಂದ್ರ ಅದು ಯಾರ ಮಾತು ಕೇಳಬೇಕು?"

ಸೊಸೆ ಹರಪನಹಳ್ಳಿಯವಳು, ಅಕ್ಕನ ಒಬ್ಬನೇ ಮಗನ ಹೆಂಡತಿ. ಅತ್ತೆಯ ಮಾತಿಗೆ ಎದುರು ಮಾತಾಡದೆ, ಅತ್ತೆ ಹೇಳಿದ್ದನ್ನು ಮಾಡದೆಯೂ ಮನೆ ನಡೆಸಬಲ್ಲ ಜಾಣೆ. ಅವಳು ಮಾತ್ರ ಆ ಚೆಂಡನ್ನು ತಿರುತಿರುಗಿ ಅತ್ತೆಯ ಹಾಸಿಗೆಯ ಮೇಲೆ ಇಡುತ್ತಿದ್ದಳು. ಅದು ತಿರುತಿರುಗಿ ಪುಟ್ಟಿಗೆ ಹೋಗುತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಮಾತಿನ ರೂಢಿಯನ್ನು ಹೇಳಲೇಬೇಕು. ನಮ್ಮನ್ನು ಬೆಳೆಸಿದ್ದು ಅಜ್ಜಿ. ಅವಳ ಎದುರಿಗೆ ಮನೆಯಲ್ಲಿ ಯಾವುದಾದರೂ 'ಇಲ್ಲ', 'ಖಾಲಿ', 'ಮುಗೀತು' ಅನ್ನುವ ಹಾಗಿರಲಿಲ್ಲ. ಬಳೆ ಒಡೆದರೆ ಬಳೆ ಹೆಚ್ಚಿದವು ಅನ್ನಬೇಕು. ಅದು ಎಲ್ಲ ಕಡೆಯೂ ಇರುವುದೇ. ನಮ್ಮಜ್ಜಿ ಅದನ್ನು ಎಣ್ಣೆಗೂ, ಜೋಳಕ್ಕೂ, ಬೆಂಕಿಪೆಟ್ಟಿಗೆಗೂ ಹಚ್ಚಿದ್ದಳು. ನಾನು ಚಿಕ್ಕವನಿದ್ದಾಗ ಒಮ್ಮೆ ಅಂಗಡಿಗೆ ಹೋಗಿ, "ಎಣ್ಣಿ ಹೆಚ್ಚೈತಂತ, ಅಜ್ಜಿ ಹೇಳ್ಯಾಳ," ಅಂತ ಡಬ್ಬಿ ಚಾಚಿದೆ. ಅಂಗಡಿಗೆ ಹೊಸದಾಗಿ ಬಂದು ಕೂತವನು ಡಬ್ಬಿಯೊಳಗೆ ಇಣುಕಿ, "ಹೆಚ್ಚಾಗಿದ್ರ ನನಗ ತಂದು ಮಾರಬೇಕಲಪಾ, ಖಾಲಿ ಡಬ್ಬಿ ಯಾಕ ತಂದಿ?" ಅಂದ. ಆ ಕಥೆ ನಮ್ಮ ಮನೆಯಲ್ಲಿ ಎಷ್ಟೋ ವರ್ಷ ಓಡಿತು. ಅಕ್ಕ ಆ ಮಾತನ್ನು ಹಡಗಲಿಗೂ ಒಯ್ದಳು. ಸಂಜೆ ಯಾರಾದರೂ ಬಾಗಿಲಿಗೆ ಬಂದು ಹೂ ಕೇಳಿದಾಗ ಪುಟ್ಟಿ ಬರಿದಾಗಿದ್ದರೆ, "ಹೆಚ್ಚ್ಯಾವ ತಂಗಿ, ನಾಳಿ ಬಾ," ಅನ್ನುವಳು. ಕೇಳಿದವರು ತಿಳಿದು ಹಿಂದಿರುಗುವರು. ಬರಿದಾದ ಪುಟ್ಟಿ ಎದುರಿಗೇ ಇರುತ್ತಿತ್ತಲ್ಲ.

ಇನ್ನು ಗೋಸುಂಬೆ. ಅಕ್ಕನ ಮಗ ಲಗೇಜ್ ಆಟೋದಲ್ಲಿ ಹಡಗಲಿಯ ಹೂ ಹೇರಿಕೊಂಡು ಹಗರಿಬೊಮ್ಮನಹಳ್ಳಿಗೂ ಹರಪನಹಳ್ಳಿಗೂ ಓಡಾಡುವವನು. ಒಂದು ದಿನ ರಸ್ತೆ ಅಗಲ ಮಾಡಲು ಹಳೆಯ ಹುಣಸೆ ಮರ ಕೆಡವಿದ ಕಡೆ ಟೀ ಕುಡಿಯಲು ನಿಂತಿದ್ದಾನೆ. ಬಿದ್ದ ಟೊಂಗೆಗಳ ನಡುವೆ ಇದು ಹಿಂದಿನ ಎಡಗಾಲು ಎಳೆಯುತ್ತ ಡಾಂಬರಿನ ಕಡೆ ಹೊರಟಿದೆ. ಕಥೆ ಚಂದವಾಗಲಿ ಅಂತಿದ್ದರೆ ಅದರದೂ ಮುಂದಿನ ಬಲಗಾಲೇ ಆಗಬೇಕಿತ್ತು. ಆದರೆ ಅದರದು ಹಿಂದಿನ ಎಡಗಾಲು, ಸುಳ್ಳು ಹೇಳಲಾರೆ. ಖಾಲಿ ಪುಟ್ಟಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಕೂರಿಸಿ ಮನೆಗೆ ತಂದ.

ಪಕ್ಕದ ಮನೆಯಾಕೆ ಗೋಸುಂಬೆ ಮನೆ ಹೊಕ್ಕರೆ ಮನೆಯವರ ಮಾತು ನಿಲ್ಲುವುದಿಲ್ಲ, ಬಣ್ಣ ಬದಲಿಸುತ್ತಾರೆ ಅಂತ ಹೆದರಿಸಿದಳು. ಅಕ್ಕ ಪುಟ್ಟಿಯ ಬಟ್ಟೆ ಸರಿಸಿ ನೋಡಿದಳು. ಅದು ಒಂದು ಕಣ್ಣಿನಿಂದ ಅಕ್ಕನನ್ನೂ ಇನ್ನೊಂದರಿಂದ ಪಕ್ಕದ ಮನೆಯಾಕೆಯನ್ನೂ ನೋಡುತ್ತಿತ್ತು.

"ಇಂಥವರು ಬೇಕು ನೋಡು ಬೀಗರ ಜಗಳ ಬಿಡಿಸಾಕ. ಒಂದು ಕಣ್ಣು ಹೆಣ್ಣಿನ ಕಡಿ, ಒಂದು ಗಂಡಿನ ಕಡಿ," ಅಂದಳು ಅಕ್ಕ.

ಒಂದು ಹೆಜ್ಜೆ ಎತ್ತಿ, ಇಡಲೋ ಬೇಡವೋ ಎಂದು ಹಿಂದೆ ಮುಂದೆ ತೂಗಿ, ಕೊನೆಗೆ ಉಪಕಾರ ಮಾಡಿದವರ ಹಾಗೆ ಅದು ಹೆಜ್ಜೆ ಇಡುವುದನ್ನು ಕಂಡು ಸಾವ್ಕಾರ ಅಂತ ಹೆಸರಿಟ್ಟಳು. ಅಂದಿನಿಂದ ಮನೆಯಲ್ಲಿ ಅದಕ್ಕೆ ಬಹುವಚನ. "ಸಾವ್ಕಾರ್ರು ಎದ್ದಾರೇನು?" "ಸಾವ್ಕಾರ್ರು ಮಿಡತಿ ಉಂಡ್ರೇನು?"

ದನದ ಡಾಕ್ಟರು ನೋಡಿ, ಎಲುಬು ಮುರಿದಿಲ್ಲ, ಹತ್ತಿ ಇಳಿಯುವಷ್ಟು ಗಟ್ಟಿಯಾಗುವ ತನಕ ಜೋಪಾನ ಮಾಡಿರಿ ಅಂದರು. ಅಕ್ಕನ ಮಗ ಅರಣ್ಯದ ಗಾರ್ಡಿಗೂ ಹೇಳಿ ಬಂದಿದ್ದ. ಗಾರ್ಡ್ ಬಂದು, "ಇದನ್ನ ಸಾಕಾಂಗಿಲ್ಲರಿ, ಕಾನೂನು ಐತಿ. ಕಾಲು ಸುಧಾರಿಸಿದ ಕೂಡ್ಲೇ ನನಗೊಂದು ಮಾತು ಹೇಳಿ ಮರಕ್ಕ ಬಿಡ್ರಿ," ಅಂತ ಎಚ್ಚರಿಸಿ ಹೋದ. ಹೀಗೆ ಬೀಳ್ಕೊಡುವ ಮಾತು ಆಡಿಯೇ ಅದನ್ನು ಒಳಗೆ ಕರೆದುಕೊಂಡದ್ದಾಯಿತು.

ಹಿಂದೆ ಹಾಲು ಮೊಸರು ಇಡುತ್ತಿದ್ದ ಒಂದು ಜಾಲರಿ ಕಪಾಟು, ಫ್ರಿಜ್ ಬಂದ ಮೇಲೆ ಪಡಸಾಲೆಯಲ್ಲಿ ಸುಮ್ಮನೆ ನಿಂತಿತ್ತು. ಹಲಗೆ ಬಿಚ್ಚಿದರೆ ಸಾವ್ಕಾರನಿಗೆ ಮನೆ ಸಿದ್ಧ. ಕೂರಲು ಏನು? ಅಕ್ಕನ ಮಗ ನೀರಿನ ಪ್ಲಾಸ್ಟಿಕ್ ಪೈಪು ಕತ್ತರಿಸಿ ಅಡ್ಡ ಇಟ್ಟ. ಸಾವ್ಕಾರ ಅದರ ಮೇಲೆ ಕಾಲಿಟ್ಟವನೇ ಕೆಳಗೆ ತಿರುಗಿ, ಬಾಲದಿಂದ ತೂಗುಬಿದ್ದ. ಬಿದಿರು ಇಟ್ಟರು, ಅದೂ ನುಣುಪು. ಸೊಸೆ ಹಿತ್ತಲಿನ ಕಣಗಿಲೆ ಟೊಂಗೆ ಕಡಿದು ತಂದಾಗ ಅಕ್ಕ ಕೂತಲ್ಲಿಂದಲೇ ಎಡಗೈ ಎತ್ತಿದಳು.

"ಅದರ ಹಾಲು ಹೊಟ್ಟಿಗೆ ಹೋದ್ರ ಮನಸ್ಯಾರ ಉಳಿಯಂಗಿಲ್ಲ. ಸಾವ್ಕಾರಗ ವಿಷಾ ಹಾಕಿ ಆಸ್ತಿ ಹೊಡಿಯಾಕ ನಿಂತೀಯೇನು?"

"ಮತ್ತೆ ಯಾವುದು ತರಲಿ ಅತ್ತೆ, ನೀವೇ ಹೇಳ್ರಿ," ಅಂದಳು ಸೊಸೆ.

ಅಕ್ಕ ಬಹಳ ಹೊತ್ತು ಅದರ ಕಾಲನ್ನೇ ನೋಡಿದಳು. ಗೋಸುಂಬೆಗೆ ನಮ್ಮ ಹಾಗೆ ಬಿಡಿ ಬೆರಳಿಲ್ಲ. ಎರಡು ಒಂದು ಕಡೆ, ಮೂರು ಇನ್ನೊಂದು ಕಡೆ ಕೂಡಿಕೊಂಡು, ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳದ ಹಾಗಿರುತ್ತವೆ. ಟೊಂಗೆಯನ್ನು ಮೇಲಿನಿಂದ ತುಳಿಯುವುದಿಲ್ಲ, ಎರಡೂ ಕಡೆಯಿಂದ ಹಿಡಿಯುತ್ತದೆ. ತೀರ ದಪ್ಪನೆಯದಾದರೆ ಇಕ್ಕಳ ಬಾಯಿ ಬಿಟ್ಟುಕೊಂಡೇ ಇರುತ್ತದೆ. ತೀರ ಸಣ್ಣದಾದರೆ ಬೆರಳು ಬೆರಳಿಗೇ ತಾಗಿ ಹಿಡಿತ ಹಾರಿಹೋಗುತ್ತದೆ. "ಅದು ನಿಂದ್ರಾದಲ್ಲ, ಹಿಡ್ಕೊಳ್ಳೋದು," ಅಂದಳು. ಆಮೇಲೆ ಒಲೆಯ ಹತ್ತಿರದ ಬೇವಿನ ಕಡ್ಡಿಯೊಂದನ್ನು ಕೇಳಿ ತರಿಸಿಕೊಂಡು, ಎಡಗೈಯಿಂದ ಅದನ್ನು ಬಲಗೈಯ ಅಂಗೈಯಲ್ಲಿ ಇಟ್ಟುಕೊಂಡಳು.

ಹಾಗೆ ಶುರುವಾಯಿತು. ನಾವು ಯಾರೂ ಹೇಳಿಕೊಟ್ಟದ್ದಲ್ಲ.

ಮರುವಾರ ನಾನು ಹೋದಾಗ ಅಕ್ಕನ ಮಂಚದ ಮೇಲೆ ಸಣ್ಣ ಸೌದೆ ಅಂಗಡಿಯೇ ಹರಡಿತ್ತು. ಒಂದೊಂದನ್ನೂ ಬಲಗೈಯಲ್ಲಿ ಇಟ್ಟು, ಬೆರಳುಗಳನ್ನು ಎಡಗೈಯಿಂದ ಮಡಿಸಿ, ಆಮೇಲೆ ಎಡಗೈ ತೆಗೆಯುವಳು. ಟೊಂಗೆ ಜಾರಿದರೆ ಅದು ನುಣುಪು, ಆಚೆ ಹಾಕು. ಒಂದಿಷ್ಟು ಹೊತ್ತು ನಿಂತರೆ ಅದು ಸಾವ್ಕಾರನಿಗೆ. ಪೇರಲ ಟೊಂಗೆ ನೋಡಲು ಗಟ್ಟಿ, ಸಿಪ್ಪೆ ಸುಲಿದು ಜಾರುತ್ತದೆ ಎಂದು ಬಿಟ್ಟಳು. ಹುಣಸೆ ಒಳ್ಳೆಯದು, ತೊಗಟೆ ಒರಟು, ಮೇಲಾಗಿ ಅದರ ತವರುಮನೆ. ದಾಸವಾಳ ಎಲೆಸಮೇತ ಬೇಕು; ಮೇಲೆ ನೀರು ಚಿಮುಕಿಸಿದರೆ ಎಲೆಯ ತುದಿಯ ಹನಿಯನ್ನು ಸಾವ್ಕಾರ ನಾಲಿಗೆಯಿಂದ ತೆಗೆದುಕೊಳ್ಳುತ್ತಾನೆ, ಬಟ್ಟಲಲ್ಲಿಟ್ಟ ನೀರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ತುದಿಗೆ ಹೋಗಿ ತಿರುಗಿ ಬರಲು ತೆಳ್ಳಗಿನವು ಬೇಕಲ್ಲ, ಅವಕ್ಕೆ ತೋಟದಲ್ಲಿ ಸವರಿದ ಮಲ್ಲಿಗೆಯ ಕಡ್ಡಿ. ಮಲಗಲು ಕಪಾಟಿನ ಮೇಲ್ಗಡೆ ಸ್ವಲ್ಪ ದಪ್ಪನೆಯದೊಂದು.

ಮಗ ಅವುಗಳನ್ನು ನೆಟ್ಟಗೆ ನಿಲ್ಲಿಸಲು ಹೋದಾಗ ಗದರಿದಳು. "ಕಾಲು ಕೆಟ್ಟೋರಿಗೆ ಏಣಿ ಹತ್ತು ಅಂತೀಯೇನಲೇ? ನನಗ ಮೆಟ್ಟಲ ಹತ್ತಾಕ ಬರತೈತೇನು? ಒರಗಿಸು. ಮಂಚದ ಮ್ಯಾಲಿಂದ ಇಳಿಯೋ ಹಂಗ ಇರಬೇಕು." ಒರಗಿಸಿದ ಟೊಂಗೆ ಅಲ್ಲಾಡಬಾರದೆಂದು ಸೊಸೆ ಬಾಳೆನಾರಿನಿಂದ ಜಾಲರಿಗೆ ಕಟ್ಟಿದಳು. ಅಕ್ಕ ಎಡಗೈಯಿಂದ ಅಲ್ಲಾಡಿಸಿ ನೋಡಿ, "ಹರಪನಹಳ್ಳಿ ಗಂಟು," ಅಂದಳು. ಸೊಸೆ ಬಿಚ್ಚಿ ಮತ್ತೆ ಕಟ್ಟಿದಳು. "ಇದೂ ಅದ ಊರು," ಅಂದಳು ಅಕ್ಕ. ಮೂರನೆಯ ಸಲ ಸೊಸೆ ಕಟ್ಟುವಾಗ ಅಕ್ಕನ ಬಲಗೈ ಮಡಿಲಿನಿಂದ ಎದ್ದು ನಾರಿನ ತುದಿಯ ತನಕ ಹೋಯಿತು. ಹಿಡಿಯಲಿಲ್ಲ, ಮುಟ್ಟಿತು. ನಾನೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಂಡದ್ದನ್ನು ಆಡಿಬಿಟ್ಟರೆ ಕೈ ನಾಚಿಕೊಂಡೀತು ಅನ್ನುವ ಹಾಗೆ ಅವಳು ಗಂಟು ಬಿಗಿದಳು, ನಾನು ಉಳಿದ ಟೊಂಗೆ ಜೋಡಿಸಿದೆ.

ಅಂದಿನಿಂದ ನಾನು ಟೊಂಗೆ ಹೊತ್ತು ತಿರುಗುವವನಾದೆ. ಕೂಡ್ಲಿಗಿಯ ಸುತ್ತ ಎಲ್ಲಿ ಏನು ಕಡಿದರೂ ಹೋಗಿ ನಿಲ್ಲುತ್ತಿದ್ದೆ. ಸೀತಾಫಲ, ಬೇವು, ಹುಣಸೆ. ಹೆಬ್ಬೆರಳು ತೋರುಬೆರಳು ಸುತ್ತ ಬಂದು ಕೂಡುವಷ್ಟು ದಪ್ಪನೆಯದು ಒಂದು, ಕೂಡಲು ಚೂರು ಉಳಿಯುವುದು ಒಂದು, ಕೂಡಿ ಮೇಲೆ ಹತ್ತುವುದು ಒಂದು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ನನಗ ಒಂದು ಕಡ್ಡಿ ಕರಿಬೇವು ತರ್ರಿ ಅಂದ್ರ ಮರೀತೀರಿ, ಗೋಸುಂಬಿಗೆ ಅಡವೀನ ಹೊತ್ಕೊಂಡು ಹೊಂಟೀರಿ," ಅಂತಿದ್ದಳು. ಅವಳಿಗೂ ಗೊತ್ತಿತ್ತು, ಅಡವಿ ಹೊರುವುದು ಯಾರಿಗಾಗಿ ಅಂತ.

ಬೇಸಿಗೆ ಬರುವ ಹೊತ್ತಿಗೆ ಅಕ್ಕನ ಬೆರಳು ಎಡಗೈಯ ಸಹಾಯವಿಲ್ಲದೆ ಮಡಚತೊಡಗಿದವು. ದಾಸವಾಳದ ಟೊಂಗೆಯೊಂದನ್ನು ತಾನೇ ಹಿಡಿದು ಕಪಾಟಿನ ಬಾಗಿಲ ತನಕ ಎತ್ತಿದಳು. ಒಳಗಿನಿಂದ ಸಾವ್ಕಾರ ಅದರ ಮೇಲೆ ಒಂದು ಕಾಲಿಟ್ಟು, ತೂಗಿ, ವಿಚಾರ ಮಾಡಿ, ಇನ್ನೊಂದು ಕಾಲಿಟ್ಟ. ಕೆಟ್ಟ ಕಾಲೂ ಹಿಡಿಯಿತು. ಅವನ ಭಾರಕ್ಕೆ ಅಕ್ಕನ ಕೈ ನಡುಗಿತು, ಬಿಡಲಿಲ್ಲ. ಹಗರಿಬೊಮ್ಮನಹಳ್ಳಿಯ ಡಾಕ್ಟರು ಕೈ ನೋಡಿ, "ಅಮ್ಮಾ, ಚೆಂಡು ಚೆನ್ನಾಗಿ ಹಿಚುಕೀರಿ," ಅಂದರಂತೆ. ಅಕ್ಕ, "ಹೌದ್ರಿ, ಭಾಳ ಹಿಚುಕೀನಿ," ಅಂದಳಂತೆ. ಅವಳು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನಾರು ಇನ್ನೂ ಹಿಡಿಯಲು ಬಂದಿರಲಿಲ್ಲ. ಟೊಂಗೆಗೂ ನಾರಿಗೂ ಬಹಳ ದೂರ. ಆದರೆ ದಾರಿ ಅದೇ ಅನ್ನುವುದು ನಮಗೆಲ್ಲ ಕಾಣುತ್ತಿತ್ತು. ಶ್ರಾವಣಕ್ಕೆ ಕಟ್ಟತೀನಿ, ಅಂದಿದ್ದಳು ಅಕ್ಕ.

ಸಾವ್ಕಾರನ ಕಾಲು ಮೊದಲು ಸುಧಾರಿಸಿತು. ಕಪಾಟಿನ ಮೂಲೆ ಮೂಲೆ ಹತ್ತಿ ಇಳಿಯುತ್ತಿದ್ದ. ಗಾರ್ಡ್ ಒಮ್ಮೆ ಬಂದು ನೋಡಿ, ಇನ್ನು ಬಿಡಬಹುದಲ್ಲ ಅಂದ. ನಾಲ್ಕು ದಿನ ಆಗಲಿ ಅಂದೆವು. ಆ ನಾಲ್ಕು ದಿನ ಸಾವ್ಕಾರನಿಗಲ್ಲ ಅಂತ ಅವನಿಗೆ ಹೇಗೆ ಹೇಳುವುದು.

ಆ ಹೊತ್ತಿನಲ್ಲಿ ನಮ್ಮ ಕಡೆ ಮದುವೆಗಳು ಒಂದರ ಹಿಂದೆ ಒಂದು ಬಂದು, ನನಗೆ ಹಡಗಲಿಗೆ ಹೋಗಲಾಗಲಿಲ್ಲ. ಒಂದು ದಿನ ಬೆಳಿಗ್ಗೆ ಸೊಸೆಯ ಫೋನು ಬಂತು.

"ಮಾವ, ಸಿಹಿ ಸುದ್ದಿ ಐತೆ. ಅತ್ತೆ ಕೈಗೆ ಬಲ ಜಾಸ್ತಿ ಆಗೈತೆ."

"ಯಾರಂದ್ರವ್ವಾ?"

"ಅವರೇ ಅಂದ್ರು. ಈಗ ಕಾಫಿ ಕೊಡುವಾಗ ಕೇಳಿದೆ, ಕೈಯಾಗೆ ಬಲ ಹೆಂಗೈತೆ ಅತ್ತೆ ಅಂತ. ಹೆಚ್ಚೈತವ್ವಾ ಅಂದ್ರು."

ನನ್ನ ಹೆಂಡತಿ ಅಡಿಗೆಮನೆಯಿಂದ ಬಂದು ನನ್ನ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು. ನಾನು ಚಪ್ಪರಿಸಿದೆ. ಎಣ್ಣೆ ಡಬ್ಬಿ ಚಾಚಿ ಅಂಗಡಿಯಲ್ಲಿ ನಿಂತಿದ್ದ ಹುಡುಗ ನಾನೇ. ಅಜ್ಜಿಯ ಬಾಯಿಂದ ಆ ಮಾತನ್ನು ಸಾವಿರ ಸಲ ಕೇಳಿದವನೂ ನಾನೇ. ಆದರೆ ಮಾತು ಹರಪನಹಳ್ಳಿಯ ಬಾಯಿಂದ, ನಗುವಿನ ಜೊತೆ, ಫೋನಿನಲ್ಲಿ ಬಂದಿತ್ತು. ನಾವು ಕೇಳಬೇಕೆಂದುಕೊಂಡಿದ್ದೂ ಅದನ್ನೇ. ಬೇರೆ ಅರ್ಥ ಹೊಳೆಯಲೇ ಇಲ್ಲ.

ಕೈ ಸುಧಾರಿಸಿದ ಮೇಲೆ ಸಾವ್ಕಾರನನ್ನು ಇನ್ನು ಇಟ್ಟುಕೊಳ್ಳುವುದು ನ್ಯಾಯವಲ್ಲ ಅಂತ ಮಾತಾಯಿತು. ಅಕ್ಕನನ್ನೂ ಕೇಳಿದರು. "ಅದರ ಮನಿಗೆ ಅದು ಹೋಗಲಿ," ಅಂದಳಂತೆ. ನಾನು ಹೋಗುವಷ್ಟರಲ್ಲಿ ಎಲ್ಲ ತಯಾರಿ ಆಗಿತ್ತು. ತೋಟದಾಚೆ, ರಸ್ತೆಯಿಂದ ದೂರದಲ್ಲಿ, ಒಂದು ದೊಡ್ಡ ಹುಣಸೆ ಮರ ಗುರುತು ಮಾಡಿದ್ದರು. ಗಾರ್ಡ್ ಬಂದಿದ್ದ. ಅಕ್ಕನನ್ನು ಆಟೋದಲ್ಲಿ ಮರದ ಬುಡದ ತನಕ ಕರೆದೊಯ್ದೆವು. ಸಾವ್ಕಾರ ತನಗೆ ಹಿಡಿಸಿದ ದಾಸವಾಳದ ಟೊಂಗೆಯ ಮೇಲೇ ಕೂತಿದ್ದ. ಸೊಸೆ ಆ ಟೊಂಗೆಯನ್ನು ಅತ್ತೆಗೆ ಕೊಟ್ಟಳು.

ಅಕ್ಕ ಎಡಗೈಯಲ್ಲಿ ತೆಗೆದುಕೊಂಡಳು.

ಟೊಂಗೆಯ ತುದಿ ಹುಣಸೆಯ ಕೊಂಬೆಗೆ ತಾಗಿತು. ಸಾವ್ಕಾರ ಎಂದಿನಂತೆ ತೂಗಿದ, ವಿಚಾರ ಮಾಡಿದ, ದಾಟಿದ. ಹಸಿರಾಗಿದ್ದವನು ಎರಡು ಮೊಳ ಹೋಗುವಷ್ಟರಲ್ಲಿ ತೊಗಟೆಯಾದ. ಒಂದು ಕಣ್ಣು ಮುಂದೆ ಇತ್ತು, ಒಂದು ನಮ್ಮ ಕಡೆ. ಎಲ್ಲರೂ ಮೇಲೆ ನೋಡುತ್ತಿದ್ದರು. ನಾನು ಅಕ್ಕನ ಮಡಿಲು ನೋಡುತ್ತಿದ್ದೆ. ಬಲಗೈ ಅಂಗಾತ ಬಿದ್ದಿತ್ತು, ಬೆರಳು ಬಿಚ್ಚಿಕೊಂಡು.

ಮನೆಗೆ ಬಂದು ಅಕ್ಕನ ಪಕ್ಕ ಕೂತೆ. "ಅಕ್ಕಾ, ಬಲಗೈ ಯಾಕ ಎತ್ತಲಿಲ್ಲ?"

"ಎತ್ತಾಕ ಅದರಾಗ ಏನೈತಿ?"

"ಮತ್ತ ಹೆಚ್ಚೈತಿ ಅಂದಿದ್ದಿಯಂತಲ್ಲ?"

"ಹೂಂ, ಅಂದೆ." ನನ್ನ ಮುಖ ನೋಡಿದಳು. "ನೀನೂ ಹಂಗ ತಿಳಕೊಂಡ್ಯಾ? ಲೇ, ನೀ ಅಜ್ಜಿ ಮೊಮ್ಮಗ ಅಲ್ಲೇನು? ಒಂದಿನ ಮುಂಜಾನಿ ಎದ್ದಾಗ ಬೆರಳು ಮತ್ತ ಮೊದಲಿನಂಗ ಬಿದ್ದಿದ್ದವು. ಹಿಡಿಯಾಕ ಹೋದ್ರ ಚಾದರನೂ ಸಿಗಲಿಲ್ಲ. ಪಾಪ ಆಕಿ ಕಾಫಿ ಹಿಡ್ಕೊಂಡು ಬಂದು ಕೇಳಿದ್ಲು. ಮುಂಜಾನಿ ಹೊತ್ತಿನಾಗ, ತುಂಬಿದ ಮನ್ಯಾಗ ಕುಂತು, ಬಲ ಖಾಲಿ ಆತು ಅಂತ ಬಾಯಿ ಬಿಟ್ಟು ಅನ್ನಲೇನು?"

"ಆಕಿ ಅಷ್ಟು ಖುಷಿಪಟ್ಟಾಗಾದ್ರೂ ಹೇಳಬಾರದಾಗಿತ್ತಾ?"

"ಆಕಿ ಹಿಗ್ಗಿ ಹೊರಗ ಓಡಿದ್ಲು. ಕೇಳಿದೋರೆಲ್ಲ ಬಾಯಿ ಸಿಹಿ ಮಾಡ್ಕೊಂಡೀರಿ. ತಿಂದ ಸಕ್ಕರಿ ಕಕ್ಕಸಲೇನು?"

ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಳೆಯ ಮಾತು ಅವಳಿಗೂ ಗೊತ್ತಿತ್ತು, ಅವಳ ತವರಿನಲ್ಲೂ ಬಳೆ ಹೆಚ್ಚುತ್ತವೆ; ಹೂ ಹೆಚ್ಚುವುದನ್ನು ಈ ಮನೆಯ ಬಾಗಿಲಲ್ಲೇ ಕೇಳಿದ್ದಳು. ಕೈಯೂ ಹೆಚ್ಚುತ್ತದೆ ಅಂತ ಅವಳಿಗೆ ಯಾರು ಹೇಳಬೇಕಿತ್ತು? ಅತ್ತೆ ಉಣ್ಣುವುದೂ ಕುಡಿಯುವುದೂ ಲಕ್ವ ಹೊಡೆದಾಗಿನಿಂದ ಎಡಗೈಯಲ್ಲೇ, ಟೊಂಗೆ ಹಿಡಿಯುವ ಕೆಲಸವೂ ಆ ದಿನಗಳಲ್ಲಿ ಇರಲಿಲ್ಲ. ಅವಳು ಒಳಗೆ ಹೋಗಿ ಆ ಹಳದಿ ಚೆಂಡನ್ನು ಪುಟ್ಟಿಯಿಂದ ತೆಗೆದುಕೊಂಡು ಬಂದು ಅತ್ತೆಯ ಪಕ್ಕ ಇಟ್ಟಳು. ಆ ದಿನ ಅಕ್ಕ ಅದನ್ನು ಪುಟ್ಟಿಗೆ ಹಾಕಲಿಲ್ಲ. ಹಿಚುಕಲೂ ಇಲ್ಲ.

ಮರುದಿನವೇ ಹಗರಿಬೊಮ್ಮನಹಳ್ಳಿಗೆ ಓಡಿದೆವು. ಡಾಕ್ಟರು ಬಹಳ ಹೊತ್ತು ಕೈ ನೋಡಿದರು. ಲಕ್ವ ಎರಡನೆಯ ಸಲ ಸಣ್ಣಗೆ ಹೊಡೆದಿರಬೇಕು, ಬಲ ಇಳಿದ ಕೂಡಲೇ ಕರೆತಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತೇನೋ, ಈಗಲೂ ನೋಡೋಣ ಅಂದರು. ಬೈಯಲಿಲ್ಲ. "ಇವರು ಹೇಳಲಿಲ್ಲವಾ?" ಅಂತ ಮೆತ್ತಗೆ ಕೇಳಿದರು. ಹೇಳಿದಳು ಅಂತ ಹೇಗೆ ಹೇಳುವುದು, ಹೇಳಲಿಲ್ಲ ಅಂತ ಹೇಗೆ ಹೇಳುವುದು. ಅಕ್ಕನ ಮಗ ನೆಲ ನೋಡಿದ, ಸೊಸೆ ಸೆರಗು ಹಿಡಿದಳು, ನಾನು ಗೋಡೆಯ ಮೇಲಿನ ನರಗಳ ಚಿತ್ರ ನೋಡಿದೆ. ಅಕ್ಕ ಮಾತ್ರ, "ನಮ್ಮ ಮನಿ ಮಾತು ನಮ್ಮ ಮನಿಯೋರಿಗೇ ತಿಳಿಯವಲ್ದು, ನಿಮಗೆಲ್ಲಿ ತಿಳೀಬೇಕ್ರಿ," ಅಂದು ನಕ್ಕಳು.

ಬೇಗ 'ಖಾಲಿ' ಅಂದಿದ್ದರೆ ಕೈ ಉಳಿಯುತ್ತಿತ್ತೋ ಇಲ್ಲವೋ, ಆ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಆದರೆ ಆ ದಿನಗಳಲ್ಲಿ ಟೊಂಗೆ ಬರುವುದು ನಿಂತಿತು, ಸಾವ್ಕಾರ ಹೋದ, ಹಗರಿಬೊಮ್ಮನಹಳ್ಳಿಗೆ ಹೋಗುವುದೂ ನಿಂತಿತ್ತು. ಇಷ್ಟೆಲ್ಲ ನಡೆದದ್ದು ಕೈ ಚೆನ್ನಾಗಿದೆ ಅನ್ನುವ ಸಂತೋಷದಲ್ಲಿ. ದುಃಖದಲ್ಲಿ ಮಾಡಿದ ತಪ್ಪಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಶ್ರಾವಣ ಬಂದು ಹೋಯಿತು. ಹೂವನ್ನು ಈಗ ಸೊಸೆ ಕಟ್ಟುತ್ತಾಳೆ. ಅಕ್ಕ ಪಕ್ಕದಲ್ಲಿ ಕೂತು ಎಡಗೈಯಿಂದ ಮೊಗ್ಗು ಜೋಡಿಸಿ ಕೊಡುತ್ತಾಳೆ, ಗಂಟಿಗೆ ಹೆಸರಿಡುತ್ತಾಳೆ. ಸೊಸೆ ಅತ್ತೆಯ ಮಾತನ್ನು ಈಗ ಪರೀಕ್ಷೆ ಮಾಡದೆ ಬಿಡುವುದಿಲ್ಲ. ಅಕ್ಕ ಸಾರಿಗೆ ಉಪ್ಪು ಹೆಚ್ಚೈತಿ ಅಂದರೂ ಸಾಕು, "ಯಾವ ಹೆಚ್ಚು ಅತ್ತೆ, ನಿಮ್ಮ ಹೆಚ್ಚಾ, ನಮ್ಮ ಹೆಚ್ಚಾ?" ಅಂತ ಕೇಳುತ್ತಾಳೆ. ಇಬ್ಬರೂ ನಗುತ್ತಾರೆ. ಮೊದಮೊದಲು ಆ ನಗು ನನಗೆ ಕೇಳಲಾಗುತ್ತಿರಲಿಲ್ಲ.

ಕಪಾಟು ಪಡಸಾಲೆಯಲ್ಲೇ ಇದೆ, ಟೊಂಗೆಗಳೂ ಒಣಗಿ ಒಳಗೇ ಇವೆ. ಹೋದ ಸಲ ನಾನು ರೂಢಿಯ ಮೇಲೆ ಒಂದು ಸೀತಾಫಲದ ಟೊಂಗೆ ಒಯ್ದಿದ್ದೆ; ದಾರಿಯಲ್ಲಿ ಕಡಿದದ್ದು ಬಿದ್ದಿತ್ತು, ಕೈಗೆ ಬಂತು, ಅಷ್ಟೇ. ಅಕ್ಕ ಅದನ್ನು ಎಡಗೈಯಿಂದ ತೆಗೆದುಕೊಂಡು ಬಲ ಅಂಗೈಯಲ್ಲಿ ಇಟ್ಟಳು. ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಎಡಗೈ ತೆಗೆದಳು. ಬೆರಳು ಮೆಲ್ಲಗೆ ಬಿಚ್ಚಿದವು, ಟೊಂಗೆ ಉರುಳಿ ಮಡಿಲಿಗೆ ಬಿತ್ತು.

"ಭಾಳ ದಪ್ಪ ತಂದೀಯಲೇ ತಮ್ಮಾ, ಸಾವ್ಕಾರ ಜಾರತಿದ್ದ," ಅಂದಳು. ಅದು ದಪ್ಪ ಇರಲಿಲ್ಲ.

ಹೊರಡುವಾಗ ಸೊಸೆ ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿ ನನ್ನ ಹೆಂಡತಿಗೆ ಅಂತ ಕೊಡಲು ಬಂದಳು. ಅಕ್ಕ ಗಂಟನ್ನು ಉಗುರಿನಿಂದ ಮುಟ್ಟಿ ನೋಡಿ, ಈ ಸಲ ಹೆಸರಿಡದೆ ಬಿಟ್ಟಳು. ಬಸ್ಸು ಕೊಟ್ಟೂರು ಮುಟ್ಟುವಷ್ಟರಲ್ಲಿ ಮೊಗ್ಗು ಒಂದೊಂದೇ ನಾರಿನಿಂದ ಕಳಚಿ ಸೀಟಿನ ಕೆಳಗೆ ಸೇರಿದ್ದವು. ಕೂಡ್ಲಿಗಿ ಬಸ್ಸು ಹತ್ತುವಾಗ ಕೈಯಲ್ಲಿ ಬಾಳೆನಾರು ಉಳಿದಿತ್ತು. ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ.

"ಹಡಗಲಿಗೆ ಹೋದವ್ರು ಹೂ ತರಲಿಲ್ಲೇನು?" ಅಂದಳು ಹೆಂಡತಿ.

"ಹೆಚ್ಚ್ಯಾವ," ಅಂದೆ.

ಅವಳು ನನ್ನ ಬರಿಗೈ ನೋಡಿದಳು. ಅಕ್ಕನ ಕೈ ಹೆಂಗೈತಿ ಅಂತ ಕೇಳಲು ಬಾಯಿ ತೆರೆದವಳು, ಕೇಳದೆ ಒಳಗೆ ನೀರು ತರಲು ಹೋದಳು.